ಗೇಮಿಂಗ್‌ಗೆ ಮದರ್‌ಬೋರ್ಡ್ ತಗೊಳ್ತೀರಾ? ಡಬ್ಬದ ಮೇಲಿನ 'ಗೇಮಿಂಗ್' ಅನ್ನೋ ಪದ ಬಿಟ್ಟು ಇವನ್ನ ನೋಡಿ

ಗಂಗಾವತಿ: 2023ರ ಬೇಸಿಗೆ. ಅಪ್ಪ ಭತ್ತ ಮಾರಿದ ದುಡ್ಡಲ್ಲಿ ನನಗೂ ಒಂದಿಷ್ಟು ಕೊಟ್ಟಿದ್ರು. ಡಿಗ್ರಿ ಅರ್ಧಕ್ಕೆ ಬಿಟ್ಟು ಮನೇಲಿ ವಿಡಿಯೋ ಎಡಿಟಿಂಗ್ ಮಾಡ್ಕೊಂಡಿದ್ದೆ. ರಾತ್ರಿಯಾದ್ರೆ ಗೇಮು. ಹಳೇ ರೈಜೆನ್ 5 2600 ಪ್ರೊಸೆಸರ್ ಮಾರಿ, ಬಂದ ದುಡ್ಡಿಗೆ ಅಪ್ಪ ಕೊಟ್ಟಿದ್ದನ್ನ ಸೇರಿಸಿ ಹೊಸ ರೈಜೆನ್ 5 5600 ತರಿಸಿದೆ. ಬೋರ್ಡ್ ಮಾತ್ರ ಹಳೇದೇ, ಬಿ450. ಪ್ರೊಸೆಸರ್ ಕೂರಿಸಿ ಬಟನ್ ಒತ್ತಿದೆ. ಫ್ಯಾನ್ ತಿರುಗ್ತು, ಲೈಟ್ ಬಂತು, ಪರದೆ ಮಾತ್ರ ಕಪ್ಪಗೇ ಉಳೀತು.

ಅಂಗಡಿಗೆ ಹೊತ್ತುಕೊಂಡು ಹೋದೆ. ಅರ್ಧ ಗಂಟೆ ನೋಡಿ, "ತಮ್ಮಾ, ಬೋರ್ಡ್ ಹೋಗೇತಿ. ಹೊಸಾದು ಹಾಕಿಸ್ಕೊ" ಅಂದ್ರು. ಹಳೇ ಬೋರ್ಡನ್ನ 500 ರೂಪಾಯಿಗೆ ಅವರೇ ಇಟ್ಕೊಂಡ್ರು. ಡಬ್ಬದ ಮೇಲೆ ದೊಡ್ಡದಾಗಿ 'ಗೇಮಿಂಗ್' ಅಂತ ಬರೆದಿದ್ದ ಎ520 ಬೋರ್ಡ್ ಹಾಕಿಸ್ಕೊಂಡು ಬಂದೆ.

ಆಮೇಲೆ ಎರಡು ವಿಷಯ ತಿಳೀತು. ಒಂದು, ನನ್ನ ಹಳೇ ಬೋರ್ಡ್‌ಗೆ ಏನೂ ಆಗಿರಲಿಲ್ಲ. ಹೊಸ ಪ್ರೊಸೆಸರನ್ನ ಅದು ಗುರುತಿಸ್ಬೇಕು ಅಂದ್ರೆ ಬಯೋಸ್ ಅಪ್‌ಡೇಟ್ ಬೇಕಿತ್ತು, ಅಷ್ಟೇ. ಒಂದು ಪೆನ್‌ಡ್ರೈವ್, ಒಂದು ಹಳೇ ಪ್ರೊಸೆಸರ್ ಇದ್ದಿದ್ರೆ ಕಾಲು ಗಂಟೆ ಕೆಲಸ. ಎರಡು, ನಾನು ತಂದ ಎ520 ಬೋರ್ಡಲ್ಲಿ ಪ್ರೊಸೆಸರ್ ಓವರ್‌ಕ್ಲಾಕ್ ಮಾಡೋಕೆ ಆಗೋದೇ ಇಲ್ಲ. ಬಿಸಾಕಿದ ಹಳೇ ಬೋರ್ಡಲ್ಲಿ ಆಗ್ತಿತ್ತು! ಎರಡು ತಿಂಗಳಾದ್ಮೇಲೆ ಪರಿಚಯದ ಹುಡುಗನೊಬ್ಬನ ಕಂಪ್ಯೂಟರ್ ಬಿಚ್ಚಿದಾಗ ಅದೇ ಬೋರ್ಡ್ ಕಂಡಿತು. ನಾನು ಅಂಟಿಸಿದ್ದ ಸ್ಟಿಕ್ಕರ್ ಕೂಡ ಹಾಗೇ ಇತ್ತು. ಚೆನ್ನಾಗೇ ಓಡ್ತಿತ್ತು.

ಅಂಗಡಿಯವರು ಬೇಕಂತ ಮೋಸ ಮಾಡಿದ್ರು ಅಂತ ನಾನು ಹೇಳಲ್ಲ. ಅವರಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ದುಡ್ಡು ಹೋಗಿದ್ದು ಮಾತ್ರ ನಮ್ಮ ಮನೇದು. ನಿಮ್ಮ ಮನೇದು ಹೋಗದಿರಲಿ ಅಂತ ಈ ಬರಹ.

ಮೊದಲು ನೋಡಿ: ಬೋರ್ಡ್ ಬದಲಿಸೋದು ನಿಜವಾಗ್ಲೂ ಬೇಕಾ?

ಗೇಮ್ ಸಿಕ್ಕಾಕೊಂಡು ಓಡ್ತಿದೆ ಅಂದ ತಕ್ಷಣ ಬೋರ್ಡ್, ಪ್ರೊಸೆಸರ್ ಬದಲಿಸೋಕೆ ಹೊರಡ್ತೀವಿ. ತಡೀರಿ. ಗೇಮ್ ಓಡ್ತಿರುವಾಗಲೇ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ತೆಗೀರಿ. ಅದರಲ್ಲಿ ಪರ್ಫಾರ್ಮೆನ್ಸ್ ಅನ್ನೋ ಭಾಗ ಇದೆ. ಜಿಪಿಯು 95 ಪರ್ಸೆಂಟ್ ದಾಟಿ ನಿಂತಿದ್ರೆ ಕೆಲಸದ ಭಾರ ಗ್ರಾಫಿಕ್ಸ್ ಕಾರ್ಡ್ ಮೇಲಿದೆ ಅಂತ ಅರ್ಥ. ಆಗ ಎಷ್ಟೇ ದುಬಾರಿ ಬೋರ್ಡ್ ಹಾಕಿದ್ರೂ ಫ್ರೇಮ್ ಹೆಚ್ಚಾಗಲ್ಲ. ಜಿಪಿಯು 50–60ರಲ್ಲೇ ಇದ್ದು ಗೇಮ್ ಎಳೆದಾಡ್ತಿದ್ರೆ ಆಗ ಪ್ರೊಸೆಸರ್, ರ್ಯಾಮ್ ಕಡೆ ಅನುಮಾನ ಪಡಿ.

ಒಂದು ಮಾತು ನೆನಪಿರಲಿ. ಮದರ್‌ಬೋರ್ಡ್ ತಾನಾಗಿ ಗೇಮ್ ಓಡಿಸಲ್ಲ. ಒಂದೇ ಪ್ರೊಸೆಸರ್, ಒಂದೇ ರ್ಯಾಮ್, ಒಂದೇ ಕಾರ್ಡನ್ನ ಸಾಧಾರಣ ಬೋರ್ಡಲ್ಲಿ ಹಾಕಿ, ಅದರ ಮೂರು ಪಟ್ಟು ಬೆಲೆಯ ಬೋರ್ಡಲ್ಲೂ ಹಾಕಿ. ಎರಡೂ ಭಾರ ತಡ್ಕೊಳ್ಳೋ ಬೋರ್ಡ್ ಆಗಿದ್ರೆ ಗೇಮಲ್ಲಿ ವ್ಯತ್ಯಾಸ ಕಣ್ಣಿಗೆ ಕಾಣಲ್ಲ. ಬೋರ್ಡ್ ಕೆಲಸ ಉಳಿದವರಿಗೆ ಸರಿಯಾಗಿ ಕರೆಂಟು, ದಾರಿ ಕೊಡೋದು. ಮುಂದೆ ಏನು ಹಾಕಬಹುದು, ಏನು ಹಾಕೋಕಾಗಲ್ಲ ಅನ್ನೋದನ್ನೂ ಅದೇ ತೀರ್ಮಾನ ಮಾಡುತ್ತೆ.

ಸಾಕೆಟ್: ಯಾವ ಬೀಗಕ್ಕೆ ಯಾವ ಕೀಲಿ

ಪ್ರೊಸೆಸರ್ ಕೂರೋ ಜಾಗಕ್ಕೆ ಸಾಕೆಟ್ ಅಂತಾರೆ. ನಮ್ಮ ಕಡೆ ಅಂಗಡಿಗಳಲ್ಲಿ ಈಗ ಸಿಗೋದು ಮುಖ್ಯವಾಗಿ ನಾಲ್ಕು.

ಎಎಂಡಿಯಲ್ಲಿ ಎಎಂ4 ಹಳೇದು, ಎಎಂ5 ಹೊಸದು. ಎಎಂ4ಗೆ 2017ರ ಮೊದಲ ರೈಜೆನ್‌ನಿಂದ ಹಿಡಿದು ರೈಜೆನ್ 5000 ಸಾಲಿನವರೆಗೂ ಪ್ರೊಸೆಸರ್ ಬಂದಿವೆ. ರ್ಯಾಮ್ ಡಿಡಿಆರ್4. ಎಎಂ5 ಬಂದಿದ್ದು 2022ರ ಸೆಪ್ಟೆಂಬರ್‌ನಲ್ಲಿ, ರೈಜೆನ್ 7000 ಜೊತೆ. ಇದಕ್ಕೆ ಡಿಡಿಆರ್5 ರ್ಯಾಮ್ ಮಾತ್ರ. 2024ರ ರೈಜೆನ್ 9000 ಕೂಡ ಇದೇ ಸಾಕೆಟ್‌ಗೆ ಕೂರುತ್ತೆ. ಕನಿಷ್ಠ 2027ರವರೆಗೆ ಈ ಸಾಕೆಟ್ ಮುಂದುವರಿಸ್ತೀವಿ ಅಂತ ಎಎಂಡಿ ಹೇಳಿದೆ.

ಇಂಟೆಲ್‌ನಲ್ಲಿ ಎಲ್‌ಜಿಎ 1700 ಸಾಕೆಟ್‌ಗೆ 12, 13, 14ನೇ ಜನರೇಷನ್ ಪ್ರೊಸೆಸರ್ ಕೂರುತ್ತವೆ. ಇಲ್ಲಿ ಒಂದು ಎಡವಟ್ಟು ಜಾಗ ಇದೆ. ಈ ಬೋರ್ಡ್‌ಗಳು ಡಿಡಿಆರ್4ದೂ ಬರುತ್ತವೆ, ಡಿಡಿಆರ್5ದೂ ಬರುತ್ತವೆ. ಹೆಸರು ಹೆಚ್ಚು ಕಡಿಮೆ ಒಂದೇ ಇರುತ್ತೆ, ಕೊನೇಲಿ 'ಡಿ4' ಅಂತ ಒಂದು ಸಣ್ಣ ಗುರುತು, ಅಷ್ಟೇ. ಡಿಡಿಆರ್4 ರ್ಯಾಮ್ ಡಿಡಿಆರ್5 ಸ್ಲಾಟ್‌ಗೆ ಕೂರಲ್ಲ, ಕಚ್ಚು ಬೇರೆ ಜಾಗದಲ್ಲಿದೆ. ಒತ್ತಿ ಕೂರಿಸೋಕೆ ಹೋದ್ರೆ ಸ್ಲಾಟ್ ಒಡೆಯುತ್ತೆ. ಎಲ್‌ಜಿಎ 1851 ಅನ್ನೋದು 2024ರ ಅಕ್ಟೋಬರ್‌ನಲ್ಲಿ ಬಂದ ಕೋರ್ ಅಲ್ಟ್ರಾ 200 ಸಾಲಿನದು, ಅದಕ್ಕೂ ಡಿಡಿಆರ್5 ಮಾತ್ರ.

2025ರ ಕೊನೆಯಿಂದ ರ್ಯಾಮ್ ಬೆಲೆ ಏರಿದ್ದು ಅಂಗಡಿಯವರಿಗೆಲ್ಲ ಗೊತ್ತೇ ಇದೆ. ಹಾಗಾಗಿ ನಿಮ್ಮ ಹತ್ರ ಈಗಾಗಲೇ 16 ಜಿಬಿ ಡಿಡಿಆರ್4 ಇದ್ರೆ ಅದನ್ನೇ ಬಳಸೋ ಬೋರ್ಡ್ ಕಡೆ ನೋಡೋದು ಜಾಣತನ. ಎಎಂ4 ಬೋರ್ಡ್ ಇರೋರು ಬೋರ್ಡ್ ಬದಲಿಸದೇ ರೈಜೆನ್ 5000 ಹಾಕ್ಕೊಳ್ಳಬಹುದು. ಎಲ್ಲಾ ಹೊಸದಾಗಿ ಕಟ್ಟಿಸೋರು, ಮೂರ್ನಾಲ್ಕು ವರ್ಷ ಬಿಟ್ಟು ಪ್ರೊಸೆಸರ್ ಮಾತ್ರ ಬದಲಿಸೋ ಆಸೆ ಇರೋರು ಎಎಂ5 ನೋಡಲಿ.

ಚಿಪ್‌ಸೆಟ್: ಒಂದು ಅಕ್ಷರದಲ್ಲಿ ಇಡೀ ಜಾತಕ

ನಾನು ಎಡವಿದ್ದು ಇಲ್ಲೇ. ಬೋರ್ಡ್ ಹೆಸರಲ್ಲಿ ಬಿ550, ಎ520, ಝಡ್790 ಅಂತ ಇರುತ್ತಲ್ಲ, ಅದು ಚಿಪ್‌ಸೆಟ್. ಮೊದಲ ಅಕ್ಷರ ನೋಡಿದ್ರೆ ಓವರ್‌ಕ್ಲಾಕ್ ಆಗುತ್ತಾ ಇಲ್ವಾ ಅಂತ ಬಹುಪಾಲು ತಿಳಿಯುತ್ತೆ.

ಎಎಂಡಿಯಲ್ಲಿ ಎ ಅಂತ ಶುರುವಾಗೋ ಎ320, ಎ520, ಎ620 ಬೋರ್ಡ್‌ಗಳಲ್ಲಿ ಪ್ರೊಸೆಸರ್ ಓವರ್‌ಕ್ಲಾಕ್ ಇಲ್ಲ. ಬಿ350, ಬಿ450, ಬಿ550, ಬಿ650, ಬಿ850 ಇವುಗಳಲ್ಲಿ ಇದೆ. ಎಕ್ಸ್ ಅಂತ ಶುರುವಾಗೋ ದುಬಾರಿ ಬೋರ್ಡ್‌ಗಳಲ್ಲೂ ಇದೆ. ಒಂದು ಅಪವಾದ ಬಿ840. ಬಿ ಅಕ್ಷರ ಇದ್ರೂ ಅದರಲ್ಲಿ ಪ್ರೊಸೆಸರ್ ಓವರ್‌ಕ್ಲಾಕ್ ಇಲ್ಲ.

ಇಂಟೆಲ್ ಇನ್ನೂ ಬಿಗಿ. ಎರಡೂ ಕಡೆ ಕೀಲಿ ಬೇಕು. ಪ್ರೊಸೆಸರ್ ಹೆಸರಿನ ಕೊನೇಲಿ ಕೆ ಇರಬೇಕು, ಬೋರ್ಡ್ ಹೆಸರು ಝಡ್‌ನಿಂದ ಶುರುವಾಗಬೇಕು. ಐ5-12400ಎಫ್ ಪ್ರೊಸೆಸರ್‌ಗೆ ಝಡ್790 ಬೋರ್ಡ್ ಕೊಡಿಸಿದ್ರೆ ಎತ್ತಿನ ಗಾಡಿಗೆ ಡೀಸೆಲ್ ತುಂಬಿಸಿದ ಹಾಗೆ. ಅದೇ ದುಡ್ಡಲ್ಲಿ ಬಿ760 ಹಾಕಿ, ಉಳಿದಿದ್ದನ್ನ ಗ್ರಾಫಿಕ್ಸ್ ಕಾರ್ಡ್‌ಗೆ ಸೇರಿಸಿ. ಬಿ660, ಬಿ760ನಲ್ಲಿ ಪ್ರೊಸೆಸರ್ ವೇಗ ಏರಿಸೋಕೆ ಆಗದಿದ್ರೂ ರ್ಯಾಮ್ ವೇಗ ಏರಿಸಬಹುದು. ಎಚ್610ರಲ್ಲಿ ಅದೂ ಇಲ್ಲ.

ವಿಆರ್‌ಎಂ ಅಂದ್ರೆ ನಮ್ಮೂರ ಟಿಸಿ ಇದ್ದ ಹಾಗೆ

ಹೊಲದ ಟಿಸಿ ಎಲ್ಲರಿಗೂ ಗೊತ್ತು. ಹತ್ತು ಪಂಪ್‌ಸೆಟ್ ತಡೆಯೋ ಟಿಸಿಗೆ ಇಪ್ಪತ್ತು ಪಂಪ್‌ಸೆಟ್ ಜೋಡಿಸಿದ್ರೆ ಏನಾಗುತ್ತೆ? ಬೇಸಿಗೇಲಿ ಸುಡುತ್ತೆ. ಬೋರ್ಡಲ್ಲಿ ಆ ಟಿಸಿ ಕೆಲಸ ಮಾಡೋದು ವಿಆರ್‌ಎಂ.

ಎಸ್‌ಎಂಪಿಎಸ್‌ನಿಂದ ಬೋರ್ಡ್‌ಗೆ 12 ವೋಲ್ಟ್ ಬರುತ್ತೆ. ಪ್ರೊಸೆಸರ್‌ಗೆ ಬೇಕಾಗಿರೋದು 1.2 ವೋಲ್ಟ್ ಆಸುಪಾಸು. ಪ್ರೊಸೆಸರ್ 120 ವ್ಯಾಟ್ ಎಳೀತಿದೆ ಅಂದ್ಕೊಳ್ಳಿ. 120ನ್ನ 1.2ರಿಂದ ಭಾಗಿಸಿ: 100 ಆಂಪಿಯರ್! ಮನೆಯ ಗೀಸರ್ ಲೈನ್‌ಗೆ ಹಾಕೋ ಎಂಸಿಬಿ 16, 20 ಆಂಪಿಯರ್‌ದು. ಸಾಕೆಟ್ ಪಕ್ಕದ ಆ ಪುಟ್ಟ ಚೌಕ ಚೌಕ ತುಂಡುಗಳ ಮೂಲಕ ನೂರು ಆಂಪಿಯರ್ ಹರಿಯುತ್ತೆ. ಇಂಟೆಲ್ ಐ9-14900ಕೆ ಪೂರ್ತಿ ಓಡಿದಾಗ 253 ವ್ಯಾಟ್‌ವರೆಗೆ ಎಳೆಯುತ್ತೆ ಅಂತ ಇಂಟೆಲ್‌ನ ಲೆಕ್ಕವೇ ಹೇಳುತ್ತೆ. ಇಂಥ ಪ್ರೊಸೆಸರನ್ನ ಕಡಿಮೆ ಬೆಲೆಯ ಬೋರ್ಡಲ್ಲಿ ಹಾಕಿದ್ರೆ ವಿಆರ್‌ಎಂ ಕಾದು, ಬೋರ್ಡ್ ತಾನೇ ಪ್ರೊಸೆಸರ್ ವೇಗ ಇಳಿಸುತ್ತೆ. ಐ9ಗೆ ದುಡ್ಡು ಕೊಟ್ಟು ಐ5 ವೇಗ ತಗೊಂಡ ಹಾಗಾಯ್ತು.

ಅಂಗಡಿಯಲ್ಲಿ ಇದನ್ನ ಗುರುತಿಸೋದು ಹೇಗೆ? ಸಾಕೆಟ್‌ನ ಎಡಗಡೆ, ಮೇಲ್ಗಡೆ ನೋಡಿ. ಅಲ್ಲಿ ಗಟ್ಟಿ ಅಲ್ಯುಮಿನಿಯಂ ಹೀಟ್‌ಸಿಂಕ್ ಇದೆಯಾ, ಅಥವಾ ತುಂಡುಗಳು ಬರೀ ಮೈಯಲ್ಲಿ ಕೂತಿವೆಯಾ? ಓವರ್‌ಕ್ಲಾಕ್ ಮಾಡೋರಿಗೆ ಹೀಟ್‌ಸಿಂಕ್ ಬೇಕೇ ಬೇಕು. ಪ್ರೊಸೆಸರ್‌ಗೆ ಕರೆಂಟ್ ಕೊಡೋ ಕನೆಕ್ಟರ್ 4 ಪಿನ್ನಾ, 8 ಪಿನ್ನಾ ನೋಡಿ. 8 ಇರಲಿ. ಹೀಟ್‌ಸಿಂಕ್ ಮೇಲೆ ಪ್ಲಾಸ್ಟಿಕ್ ಹೊದಿಸಿ ಬಣ್ಣದ ಲೈಟ್ ಹಾಕಿದ್ರೆ ತಂಪಾಗಲ್ಲ. ಲೈಟ್ ಹೊಳೆಯುತ್ತೆ, ಅಷ್ಟೇ.

ಓವರ್‌ಕ್ಲಾಕ್ ಮಾಡಿದ್ರೆ ಸಿಗೋದೆಷ್ಟು?

ಒಂದು ಕಾಲದಲ್ಲಿ ಇದರಿಂದ ನಿಜವಾಗ್ಲೂ ದುಡ್ಡು ಉಳೀತಿತ್ತು. 1998ರಲ್ಲಿ ಇಂಟೆಲ್ ಸೆಲೆರಾನ್ 300ಎ ಅಂತ ಅಗ್ಗದ ಪ್ರೊಸೆಸರ್ ಬಿಟ್ಟಿತ್ತು, 300 ಮೆಗಾಹರ್ಟ್ಸ್‌ದು. ಬೋರ್ಡಲ್ಲಿ ಬಸ್ ವೇಗವನ್ನ 66ರಿಂದ 100ಕ್ಕೆ ಏರಿಸಿದ್ರೆ ಅದು 450 ಮೆಗಾಹರ್ಟ್ಸ್‌ಗೆ ಓಡ್ತಿತ್ತು. ಅಂದ್ರೆ ಅರ್ಧಕ್ಕರ್ಧ ಹೆಚ್ಚು. 2011ರ ಐ5-2500ಕೆ 3.3 ಗಿಗಾಹರ್ಟ್ಸ್‌ದು, ಒಳ್ಳೇ ಕೂಲರ್ ಹಾಕಿ 4.5ರವರೆಗೆ ಓಡಿಸಿದವರು ಎಷ್ಟೋ ಜನ.

ಈಗ ಆ ಕಾಲ ಹೋಯ್ತು. ಈಗಿನ ಪ್ರೊಸೆಸರ್‌ಗಳು ಕಂಪನಿಯಿಂದ ಬರುವಾಗಲೇ ಬಿಸಿ ಎಷ್ಟಿದೆ, ಕರೆಂಟ್ ಎಷ್ಟಿದೆ ನೋಡ್ಕೊಂಡು ತಾವೇ ವೇಗ ಏರಿಸ್ಕೊಳ್ತವೆ. ನಮಗೆ ಉಳಿದಿರೋದು ಬಹಳ ಸಲ ಬರೀ ನಾಲ್ಕೈದು ಪರ್ಸೆಂಟ್. ಅದಕ್ಕೆ ಕೊಡಬೇಕಾದ ಬೆಲೆ ಲೆಕ್ಕ ಹಾಕಿ. ಪ್ರೊಸೆಸರ್ ಎಳೆಯೋ ಕರೆಂಟು ವೇಗದ ಜೊತೆ ಏರುತ್ತೆ, ವೋಲ್ಟೇಜಿನ ವರ್ಗದ ಜೊತೆಗೂ ಏರುತ್ತೆ. ವೇಗ 5 ಪರ್ಸೆಂಟ್ ಏರಿಸೋಕೆ ವೋಲ್ಟೇಜ್ 10 ಪರ್ಸೆಂಟ್ ಏರಿಸಬೇಕಾಯ್ತು ಅಂದ್ಕೊಳ್ಳಿ. 1.05 ಗುಣಿಸು 1.1 ಗುಣಿಸು 1.1. ಉತ್ತರ 1.27. ಐದು ಪರ್ಸೆಂಟ್ ವೇಗಕ್ಕೆ 27 ಪರ್ಸೆಂಟ್ ಹೆಚ್ಚು ಬಿಸಿ! ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಕಡೆ ಬಿಸಿಲು 40 ಡಿಗ್ರಿ ಆಸುಪಾಸು ಇರುವಾಗ, ಫ್ಯಾನ್ ಇರೋ ರೂಮಲ್ಲಿ ಆ ಬಿಸಿ ಎಲ್ಲಿಗೆ ಹೋಗುತ್ತೆ? ವಿಡಿಯೋ ಮಾಡೋರು ಏಸಿ ರೂಮಲ್ಲಿ ಕೂತು ತೋರಿಸೋ ನಂಬರ್ ನಮ್ಮ ಮನೇಲಿ ಬರಲ್ಲ.

ಇನ್ನೊಂದು ವಿಷಯ. ಓವರ್‌ಕ್ಲಾಕ್‌ನಿಂದ ಆದ ಹಾನಿಗೆ ತನ್ನ ವಾರಂಟಿ ಇಲ್ಲ ಅಂತ ಎಎಂಡಿ ಬರೆದೇ ಇಟ್ಟಿದೆ.

ಹಾಗಂತ ಮಾಡಲೇಬೇಡಿ ಅಂತಲ್ಲ. ಕಲಿಯೋ ಖುಷಿಗೆ ಮಾಡೋರು ಮಾಡಲಿ. ಆದ್ರೆ ಅದಕ್ಕೋಸ್ಕರ ಅಂತಾನೇ ದುಬಾರಿ ಬೋರ್ಡ್ ಕೊಳ್ಳೋದು ಲೆಕ್ಕಕ್ಕೆ ಕೂರಲ್ಲ.

ಪುಕ್ಕಟೆ ಸಿಗೋ ವೇಗ: ರ್ಯಾಮ್ ಸೆಟ್ಟಿಂಗ್

ದುಡ್ಡಿಲ್ಲದೆ ಸಿಗೋ ವೇಗವನ್ನ ತುಂಬಾ ಜನ ಬಳಸೋದೇ ಇಲ್ಲ. 3200 ಅಂತ ಬರೆದಿರೋ ಡಿಡಿಆರ್4 ರ್ಯಾಮ್ ಹಾಕಿದ ತಕ್ಷಣ 3200ಕ್ಕೆ ಓಡುತ್ತೆ ಅಂತ ಗ್ಯಾರಂಟಿ ಇಲ್ಲ. ಬಹಳಷ್ಟು ಬೋರ್ಡಲ್ಲಿ 2133, 2400 ಅಥವಾ 2666ಕ್ಕೆ ಓಡ್ತಿರುತ್ತೆ. ಬಯೋಸ್‌ಗೆ ಹೋಗಿ ಎಕ್ಸ್‌ಎಂಪಿ ಅನ್ನೋದನ್ನ ಆನ್ ಮಾಡ್ಬೇಕು. ಎಎಂ5 ಬೋರ್ಡಲ್ಲಿ ಇದಕ್ಕೆ ಎಕ್ಸ್‌ಪೋ ಅಂತಾರೆ. ನಿಮ್ಮದು ಎಷ್ಟಕ್ಕೆ ಓಡ್ತಿದೆ ಅಂತ ಟಾಸ್ಕ್ ಮ್ಯಾನೇಜರ್‌ನ ಮೆಮೊರಿ ಭಾಗದಲ್ಲಿ ಈಗಲೇ ನೋಡಬಹುದು.

ಎರಡನೇದು, 16 ಜಿಬಿಯ ಒಂದೇ ಕಡ್ಡಿಗಿಂತ 8 ಜಿಬಿಯ ಎರಡು ಕಡ್ಡಿ ಮೇಲು. ಎರಡು ಚಾನೆಲ್ ಸಿಗುತ್ತೆ. ಗ್ರಾಫಿಕ್ಸ್ ಕಾರ್ಡ್ ಇಲ್ಲದೆ ರೈಜೆನ್ 5600ಜಿ ಥರದ್ದರಲ್ಲಿ ಆಡೋರಿಗೆ ಇದರಿಂದ ದೊಡ್ಡ ವ್ಯತ್ಯಾಸ ಆಗುತ್ತೆ.

ಬಯೋಸ್: ನನ್ನ ದುಡ್ಡು ತಿಂದ ಜಾಗ

ಬಯೋಸ್ ಅಂದ್ರೆ ಬೋರ್ಡ್‌ನ ಒಳಗಿರೋ ಚಿಕ್ಕ ಸಾಫ್ಟ್‌ವೇರ್. ಬೋರ್ಡ್ ತಯಾರಾದ ಮೇಲೆ ಬಂದ ಪ್ರೊಸೆಸರ್ ಅದಕ್ಕೆ ಗೊತ್ತಿರಲ್ಲ. 2018ರ ಬಿ450 ಬೋರ್ಡ್‌ಗೆ ರೈಜೆನ್ 5000 ಹೇಗೆ ಗೊತ್ತಿರುತ್ತೆ? ಅಪ್‌ಡೇಟ್ ಹಾಕಿದ್ರೆ ಗುರುತಿಸುತ್ತೆ. ಹಾಗಾಗಿ ಹಳೇ ಪ್ರೊಸೆಸರ್ ಮಾರೋ ಮುಂಚೆ, ಅದು ಬೋರ್ಡಲ್ಲಿ ಇರುವಾಗಲೇ ಅಪ್‌ಡೇಟ್ ಮುಗಿಸಿ. ಬೋರ್ಡ್ ಕಂಪನಿಯ ಪುಟದಲ್ಲಿ ನಿಮ್ಮ ಮಾಡೆಲ್ ಹುಡುಕಿ, ಸಿಪಿಯು ಸಪೋರ್ಟ್ ಪಟ್ಟಿಯಲ್ಲಿ ಯಾವ ಪ್ರೊಸೆಸರ್‌ಗೆ ಯಾವ ಬಯೋಸ್ ಬೇಕು ಅಂತ ಇರುತ್ತೆ. ಬೋರ್ಡ್ ಮಾಡೆಲ್ ಜೊತೆ ಅದರ ಆವೃತ್ತಿ ನಂಬರನ್ನೂ ಹೊಂದಿಸಿ ನೋಡಿ. ಕೆಲವು ಬೋರ್ಡ್ ಹಿಂಭಾಗದಲ್ಲಿ ಬಯೋಸ್ ಫ್ಲ್ಯಾಶ್‌ಬ್ಯಾಕ್ ಅನ್ನೋ ಬಟನ್ ಇರುತ್ತೆ. ಅದಿದ್ರೆ ಪ್ರೊಸೆಸರ್ ಇಲ್ಲದೇನೂ ಪೆನ್‌ಡ್ರೈವ್‌ನಿಂದ ಅಪ್‌ಡೇಟ್ ಆಗುತ್ತೆ. ನಮ್ಮಂಥ ಊರಲ್ಲಿರೋರಿಗೆ ಬಣ್ಣದ ಲೈಟ್‌ಗಿಂತ ಈ ಬಟನ್ ಮುಖ್ಯ.

ಎಚ್ಚರ: ಅಪ್‌ಡೇಟ್ ನಡೆಯುವಾಗ ಕರೆಂಟ್ ಹೋದ್ರೆ ಬೋರ್ಡ್ ಏಳದೇ ಇರಬಹುದು. ಯುಪಿಎಸ್ ಇಲ್ಲದೆ ಕೈ ಹಾಕಬೇಡಿ.

ಇದು ಹೊಸ ಪ್ರೊಸೆಸರ್ ಹಾಕೋರಿಗೆ ಮಾತ್ರ ಅಂತಲ್ಲ. 2023ರಲ್ಲಿ ಎಎಂ5 ಬೋರ್ಡ್‌ಗಳಲ್ಲಿ ಕೆಲವು ರೈಜೆನ್ 7000 ಎಕ್ಸ್3ಡಿ ಪ್ರೊಸೆಸರ್ ಸುಟ್ಟು ಉಬ್ಬಿದ್ವು. ಒಂದು ವೋಲ್ಟೇಜ್ 1.3 ದಾಟದ ಹಾಗೆ ತಡೆಯೋ ಬಯೋಸ್ ಆಮೇಲೆ ಬಂತು. ಇಂಟೆಲ್ 13, 14ನೇ ಜನರೇಷನ್‌ನ ದೊಡ್ಡ ಪ್ರೊಸೆಸರ್‌ಗಳು ಹೆಚ್ಚು ವೋಲ್ಟೇಜ್‌ನಿಂದ ಕೆಡ್ತಿದ್ವು, ಅದಕ್ಕೂ 2024ರ ಆಗಸ್ಟ್‌ನಿಂದ ಬಯೋಸ್ ಅಪ್‌ಡೇಟ್ ಕೊಡೋಕೆ ಶುರು ಮಾಡಿದ್ರು. ಆದ್ರೆ ಆಗಲೇ ಕೆಟ್ಟಿದ್ದು ಅಪ್‌ಡೇಟ್‌ನಿಂದ ಸರಿಯಾಗಲ್ಲ. ಸೆಕೆಂಡ್ ಹ್ಯಾಂಡ್ ಐ7, ಐ9 ಕೊಳ್ಳೋರು ಇದನ್ನ ನೆನಪಲ್ಲಿಡಿ.

ಅಂಗಡಿ ಇಟ್ಟಿರೋ ಅಣ್ಣಂದಿರಿಗೆ ಒಂದು ಮಾತು. ಒಂದು ಹಳೇ ಎಎಂ4 ಪ್ರೊಸೆಸರ್ ಡ್ರಾಯರಲ್ಲಿ ಇಟ್ಕೊಳ್ಳಿ. ಬಯೋಸ್ ಅಪ್‌ಡೇಟ್‌ಗೆ ಸರ್ವಿಸ್ ಚಾರ್ಜ್ ತಗೊಳ್ಳಿ, ಯಾರೂ ಬೇಡ ಅನ್ನಲ್ಲ. ಬೋರ್ಡ್ ಮಾರಿ ಒಂದು ಸಲ ಸಿಗೋ ಲಾಭಕ್ಕಿಂತ, ಸರಿಯಾಗಿ ಹೇಳಿದ್ರು ಅಂತ ಮತ್ತೆ ಬರೋ ಗಿರಾಕಿ ದೊಡ್ಡದು.

'ಐ7 ಗೇಮಿಂಗ್ ಪಿಸಿ, ಕಡಿಮೆ ರೇಟ್'

ವಾಟ್ಸಾಪ್ ಸ್ಟೇಟಸ್‌ಗಳಲ್ಲಿ ಇಂಥ ಜಾಹೀರಾತು ಓಡಾಡ್ತಾ ಇರುತ್ತೆ. ಐ7, 16 ಜಿಬಿ ರ್ಯಾಮ್, ಹೊಸ ಬೋರ್ಡ್. ಕೇಳಬೇಕಾದ ಪ್ರಶ್ನೆ ಒಂದೇ: ಯಾವ ಜನರೇಷನ್? ಬಹಳ ಸಲ ಅದು ಐ7-3770 ಥರದ್ದು, 2012ರ ಪ್ರೊಸೆಸರ್. ಬೋರ್ಡ್ ಎಚ್61, ಡಬ್ಬ ಮಾತ್ರ ಹೊಸದು. ರ್ಯಾಮ್ ಡಿಡಿಆರ್3. ಓವರ್‌ಕ್ಲಾಕ್ ಬಿಡಿ, ವಿಂಡೋಸ್ 11ಕ್ಕೆ ಮೈಕ್ರೋಸಾಫ್ಟ್ ಕೇಳೋ ಟಿಪಿಎಂ 2.0 ಕೂಡ ಇಂಥದ್ದರಲ್ಲಿ ಇರಲ್ಲ. ವಿಂಡೋಸ್ 10ರ ಸಾಮಾನ್ಯ ಸಪೋರ್ಟ್ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11ರಲ್ಲಿ ವ್ಯಾಲರಂಟ್ ಆಡ್ಬೇಕು ಅಂದ್ರೆ ಟಿಪಿಎಂ 2.0, ಸೆಕ್ಯೂರ್ ಬೂಟ್ ಎರಡೂ ಬೇಕು. ಬಿಲ್ಲಿಂಗ್‌ಗೆ, ಟೈಪಿಂಗ್‌ಗೆ ಇಂಥ ಮಷೀನ್ ಸಾಕು. ಮಗ ಗೇಮ್ ಆಡ್ತಾನೆ ಅಂತ ಕೊಡಿಸೋ ತಂದೆ ತಾಯಿ ಮಾತ್ರ ಜನರೇಷನ್ ಕೇಳದೆ ದುಡ್ಡು ಕೊಡಬೇಡಿ.

ಅಂಗಡಿಯಲ್ಲಿ ಕೇಳಬೇಕಾದ್ದು, ನೋಡಬೇಕಾದ್ದು

* ಸೈಜ್: ಎಟಿಎಕ್ಸ್ ಬೋರ್ಡ್ 305 ಮಿ.ಮೀ. ಉದ್ದ, 244 ಅಗಲ. ಮೈಕ್ರೋ ಎಟಿಎಕ್ಸ್ 244ಕ್ಕೆ 244. ಮನೇಲಿರೋ ಕ್ಯಾಬಿನೆಟ್ ಅಳತೆ ತಗೊಂಡು ಹೋಗಿ.
* ಗ್ರಾಫಿಕ್ಸ್ ಸ್ಲಾಟ್: ಆರ್‌ಎಕ್ಸ್ 6500 ಎಕ್ಸ್‌ಟಿ ಥರ ನಾಲ್ಕೇ ಲೇನ್ ಇರೋ ಕಾರ್ಡ್ ಹಾಕೋರು ಪಿಸಿಐ ಎಕ್ಸ್‌ಪ್ರೆಸ್ 4.0 ಇರೋ ಬೋರ್ಡ್ ತಗೊಳ್ಳಿ, 3.0ರಲ್ಲಿ ವೇಗ ಇಳಿಯುತ್ತೆ.
* ಪಿನ್: ಇಂಟೆಲ್ ಮತ್ತು ಎಎಂ5 ಬೋರ್ಡಲ್ಲಿ ಪಿನ್ ಇರೋದು ಸಾಕೆಟ್ ಒಳಗೆ. ಪ್ಲಾಸ್ಟಿಕ್ ಮುಚ್ಚಳ ತೆಗೆಸಿ, ಮೊಬೈಲ್ ಟಾರ್ಚ್ ಹಾಕಿ, ಒಂದು ಪಿನ್ನೂ ಬಾಗಿಲ್ಲ ಅಂತ ಅಲ್ಲೇ ನೋಡಿ. ಬಾಗಿದ ಪಿನ್‌ಗೆ ಸಾಮಾನ್ಯವಾಗಿ ವಾರಂಟಿ ಕೊಡಲ್ಲ. ಮುಚ್ಚಳ ಬಿಸಾಕಬೇಡಿ.
* ಬಿಲ್: ಜಿಎಸ್‌ಟಿ ಬಿಲ್‌ನಲ್ಲಿ ಬೋರ್ಡ್‌ನ ಸೀರಿಯಲ್ ನಂಬರ್ ಬರೆಸಿ. ಹೊಸ ಬೋರ್ಡ್‌ಗೆ ಸಾಮಾನ್ಯವಾಗಿ 3 ವರ್ಷ ವಾರಂಟಿ. ಸರ್ವಿಸ್ ಸೆಂಟರ್ ಯಾವ ಊರಲ್ಲಿದೆ ಕೇಳಿ. ಬೆಂಗಳೂರಿನ ಎಸ್.ಪಿ. ರೋಡಲ್ಲಿ ಸ್ವಲ್ಪ ಕಡಿಮೆಗೆ ಸಿಗಬಹುದು, ಆದ್ರೆ ಕೆಟ್ಟಾಗ ಹೋಗಿ ಬರೋ ಬಸ್ ಚಾರ್ಜನ್ನೂ ಲೆಕ್ಕಕ್ಕೆ ಹಿಡೀರಿ.
* ಅರ್ಥಿಂಗ್: ಕ್ಯಾಬಿನೆಟ್ ಮುಟ್ಟಿದಾಗ ಚಿಮ್ಮಿದ ಹಾಗೆ ಆಗ್ತಿದ್ರೆ ಹೊಸ ಬೋರ್ಡ್ ಹಾಕೋ ಮುಂಚೆ ಎಲೆಕ್ಟ್ರಿಷಿಯನ್ ಕರೆಸಿ ಅರ್ಥಿಂಗ್ ಸರಿ ಮಾಡಿಸಿ. ಬೋರ್ಡ್‌ಗಿಂತ ಮೊದಲು ನಿಮ್ಮ ಜೀವಕ್ಕೆ ಬೇಕಾದ್ದು ಅದು.
* ಎಸ್‌ಎಂಪಿಎಸ್: ಕ್ಯಾಬಿನೆಟ್ ಜೊತೆ ಪುಕ್ಕಟೆ ಬಂದ ಎಸ್‌ಎಂಪಿಎಸ್ ಮೇಲೆ ಹೊಸ ಬೋರ್ಡ್ ಓಡಿಸಬೇಡಿ. ಅದು ಸುಟ್ಟರೆ ಒಂದೇ ಸುಡುತ್ತೆ ಅಂತ ಹೇಳೋಕಾಗಲ್ಲ.

ಕೊನೇದಾಗಿ, "ಬೋರ್ಡ್ ಹೋಗೇತಿ" ಅಂತ ಯಾರಾದ್ರೂ ಅಂದ್ರೆ ಅಲ್ಲೇ ಹೊಸದಕ್ಕೆ ದುಡ್ಡು ಎಣಿಸಬೇಡಿ. ಬೇರೆ ಪ್ರೊಸೆಸರ್ ಹಾಕಿ ನೋಡಿದ್ರಾ, ಬೇರೆ ರ್ಯಾಮ್ ಹಾಕಿ ನೋಡಿದ್ರಾ, ಬಯೋಸ್ ಯಾವುದಿದೆ ನೋಡಿದ್ರಾ ಅಂತ ಮೂರು ಪ್ರಶ್ನೆ ಕೇಳಿ. ಉತ್ತರ ಬರೋತನಕ ಹಳೇ ಬೋರ್ಡ್ ನಿಮ್ಮ ಕೈಯಲ್ಲೇ ಇರಲಿ. ನಾನು ಕೊಟ್ಟು ಬಂದ ಬೋರ್ಡ್ ಇವತ್ತಿಗೂ ಆ ಹುಡುಗನ ಮನೇಲಿ ಓಡ್ತಾ ಇದೆ.